ಹಿನ್ನೆಲೆಯ ಕೆಲಸಕ್ಕೂ ಹೊಣೆಯುಂಟು

ಬಿ.ಎ. ವಿದ್ಯಾರ್ಥಿಗೆ ಯೂನಿಕ್ಸಿನ ಗೊಡವೆ ಏಕೆಂದು ಗೆಳೆಯರು ನಗಬಹುದು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದ ಆ ವ್ಯವಸ್ಥೆಯ ಹಾದಿಯಲ್ಲೇ ಇಂದಿನ ಲಿನಕ್ಸ್ ನಡೆದಿದೆ. ಕಳೆದ ವರ್ಷ ಜನಪದ ಗೀತೆಗಳ 300 ಪುಟಗಳ ಚಿತ್ರಗಳನ್ನು ಅದರಲ್ಲಿ ಅಕ್ಷರರೂಪಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಆಜ್ಞೆಯ ಕೊನೆಗೆ ‘&’ ಗುರುತಿಟ್ಟರೆ ಕೆಲಸ ಹಿನ್ನೆಲೆಗೆ ಸರಿಯುತ್ತದೆ; ನಮ್ಮ ಆಜ್ಞೆಯನ್ನು ಯಂತ್ರಕ್ಕೆ ಮುಟ್ಟಿಸುವ ಶೆಲ್ ಅದಕ್ಕೊಂದು ಸಂಖ್ಯೆ ಕೊಟ್ಟು, ಮುಂದಿನ ಆಜ್ಞೆಗೆ ಸಿದ್ಧವಾಗುತ್ತದೆ. ನಾನೂ ಹಾಗೆಯೇ ಮಾಡಿ, ಟರ್ಮಿನಲ್ ಮುಚ್ಚಿ, ಊರಿನ ಕಡೆಯ ಬಸ್ಸು ಹಿಡಿದೆ. ಬೆಳಿಗ್ಗೆ ನೋಡಿದರೆ 12 ಪುಟ ಮಾತ್ರ!

ದೋಷ ಯಂತ್ರದ್ದಲ್ಲ. ಟರ್ಮಿನಲ್ ಮುಚ್ಚಿದೊಡನೆ ಸಂಪರ್ಕ ಕಡಿದ ಸಂಕೇತ ಹೊರಟು ಹಿನ್ನೆಲೆಯ ಕೆಲಸವನ್ನೂ ನಿಲ್ಲಿಸಿತ್ತು. ಆಜ್ಞೆಯ ಮೊದಲಿಗೆ ‘ನೋಹಪ್’ ಸೇರಿಸಿದ್ದರೆ ಕೆಲಸ ಆ ಸಂಕೇತಕ್ಕೆ ಕಿವಿಗೊಡದೆ ಸಾಗುತ್ತಿತ್ತು. ಅದರ ವರದಿಯೂ ದೂರುಗಳೂ ಒಂದು ಕಡತದಲ್ಲಿ ಉಳಿಯುತ್ತಿದ್ದುವು. ಮುಚ್ಚುವ ಮುನ್ನ ‘ಜಾಬ್ಸ್’ ಎಂದು ಕೇಳಿದ್ದರೆ, ಕೆಲಸ ಇನ್ನೂ ನಡೆದಿದೆಯೆಂದು ಶೆಲ್ಲೇ ಹೇಳುತ್ತಿತ್ತು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ‘&’ ಕಲಿಸುವ ದಿನವೇ ಇವೆರಡನ್ನೂ ಕಲಿಸಬೇಕು. ಕೆಲಸವನ್ನು ಕಣ್ಮರೆಗೆ ಕಳುಹಿಸುವುದು ಸುಲಭ; ಅದು ನಡೆದಿದೆಯೇ, ಮುಗಿಯಿತೇ ಎಂದು ವಿಚಾರಿಸುವುದೇ ಹೊಣೆ. ನಮ್ಮ ಮನೆತನದಲ್ಲಿ ಕಾಲೇಜಿನ ಹೊಸ್ತಿಲು ತುಳಿದವನು ನಾನೇ ಮೊದಲಿಗ. ನಾನಿಲ್ಲಿ ಓದುವಾಗ ಅವ್ವ ಊರಿನಲ್ಲಿ ಕಳೆ ಕೀಳುತ್ತಿರುತ್ತಾಳೆ. ಹಿನ್ನೆಲೆಯ ದುಡಿಮೆಯನ್ನು ಮರೆಯುವ ಹಕ್ಕು ನನಗಂತೂ ಇಲ್ಲ.