ನೋವಿನ ಮಾತ್ರೆ: ಮೈಟೋಕಾಂಡ್ರಿಯಾ ರೋಗಿಗಳ ಇಕ್ಕಟ್ಟು

ಕೇಂದ್ರ ಆರೋಗ್ಯ ಸಚಿವಾಲಯ 2025ರ ಡಿಸೆಂಬರ್ 29ರಂದು ಹೊರಡಿಸಿದ ಅಧಿಸೂಚನೆ ನೋವು ನಿವಾರಕಗಳ ಸುರಕ್ಷತೆಯ ಹಳೆಯ ಚರ್ಚೆಯನ್ನು ಮತ್ತೆ ಮುನ್ನೆಲೆಗೆ ತಂದಿದೆ. 100 ಮಿಲಿಗ್ರಾಂಗಿಂತ ಹೆಚ್ಚು ನಿಮೆಸುಲೈಡ್ ಇರುವ, ದೇಹದಲ್ಲಿ ತಕ್ಷಣ ಬಿಡುಗಡೆಯಾಗುವ ಬಗೆಯ ಮಾತ್ರೆಗಳ ತಯಾರಿಕೆ, ಮಾರಾಟ ಮತ್ತು ವಿತರಣೆಯನ್ನು ಅದು ನಿಷೇಧಿಸಿತು. ಇದಕ್ಕಿಂತ ಸುರಕ್ಷಿತ ಪರ್ಯಾಯಗಳು ಲಭ್ಯವಿವೆ ಎಂಬುದು ಸರ್ಕಾರ ಕೊಟ್ಟ ಕಾರಣ. ಯಕೃತ್ತಿಗೆ ಹಾನಿಯಾಗುತ್ತದೆ ಎಂಬ ಆತಂಕದಿಂದ ಫಿನ್‌ಲೆಂಡ್ ಮತ್ತು ಸ್ಪೇನ್ 2002ರಲ್ಲೇ, ಐರ್ಲೆಂಡ್ 2007ರಲ್ಲಿ ಇದೇ ಔಷಧದ ಮಾರಾಟವನ್ನು ನಿಲ್ಲಿಸಿದ್ದವು. ಭಾರತದಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಅದು ನಿಷಿದ್ಧವಾದದ್ದು 2011ರಲ್ಲಿ. ದೊಡ್ಡವರ ಸರದಿ ಬರಲು ಮತ್ತೆ 14 ವರ್ಷ ಬೇಕಾಯಿತು. ಅದೂ ಹೆಚ್ಚಿನ ಪ್ರಮಾಣದ ಮಾತ್ರೆಗೆ ಮಾತ್ರ.

ಆರೋಗ್ಯವಂತರ ಪಾಲಿಗೆ ಇದು ಒಂದು ಮಾತ್ರೆ ಬಿಟ್ಟು ಇನ್ನೊಂದನ್ನು ಕೊಳ್ಳುವಷ್ಟೇ ಸಂಗತಿ. ಆದರೆ ಮೈಟೋಕಾಂಡ್ರಿಯಾ ಕಾಯಿಲೆ ಇರುವವರ ಮನೆಗಳಲ್ಲಿ ಯಾವ ಮಾತ್ರೆ ನುಂಗಬೇಕು ಎಂಬುದು ಪ್ರತಿ ಜ್ವರಕ್ಕೂ ಎದುರಾಗುವ ಪ್ರಶ್ನೆ. ಜೀವಕೋಶಗಳೊಳಗಿದ್ದು ಆಹಾರವನ್ನು ಶಕ್ತಿಯಾಗಿ ಪರಿವರ್ತಿಸುವ ಕಣಗಳೇ ಮೈಟೋಕಾಂಡ್ರಿಯಾಗಳು. ವಂಶವಾಹಿ ದೋಷದಿಂದ ಈ ಕೆಲಸ ಕುಂಠಿತವಾದಾಗ ಹೆಚ್ಚು ಶಕ್ತಿ ಬೇಡುವ ಮೆದುಳು, ಸ್ನಾಯು, ಹೃದಯ ಹಾಗೂ ಯಕೃತ್ತು ಮೊದಲು ಸೊರಗುತ್ತವೆ. ಸುಮಾರು 5,000 ಮಂದಿಯಲ್ಲಿ ಒಬ್ಬರಿಗೆ ಇಂಥ ಕಾಯಿಲೆ ಇರಬಹುದೆಂಬುದು ತಜ್ಞರ ಸಾಮಾನ್ಯ ಅಂದಾಜು. ನಿಮೆಸುಲೈಡ್, ಆಸ್ಪಿರಿನ್, ಡೈಕ್ಲೋಫೆನಾಕ್ ಮೊದಲಾದವು ಮೈಟೋಕಾಂಡ್ರಿಯಾದ ಕೆಲಸಕ್ಕೆ ಅಡ್ಡಿಪಡಿಸಬಲ್ಲವು ಎಂಬುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಆತಂಕದ ಮೂಲ ಇದೇ.

ಹಾಗೆಂದು ಎಲ್ಲ ಮಾತ್ರೆಗಳನ್ನೂ ದೂರವಿಡುವುದು ಪರಿಹಾರವಲ್ಲ. ಜ್ವರವೇ ದೇಹದ ಶಕ್ತಿಯನ್ನು ಹೀರುತ್ತದೆ. ಜ್ವರ ಬಂದ ಮಗು ಊಟ ಬಿಡುತ್ತದೆ, ವಾಂತಿ ಮಾಡುತ್ತದೆ. ಮೈಟೋಕಾಂಡ್ರಿಯಾ ಕಾಯಿಲೆಯಲ್ಲಿ ಸೋಂಕು ಮತ್ತು ಉಪವಾಸ ಒಟ್ಟಾದರೆ ಮಗುವಿನ ಸ್ಥಿತಿ ಹಠಾತ್ತನೆ ಬಿಗಡಾಯಿಸಬಹುದು. ಮಾತ್ರೆಗೆ ಹೆದರಿ ಜ್ವರ ಏರಲು ಬಿಡುವುದು ಕೂಡ ಅಪಾಯವೇ. ಆರು ದೇಶಗಳ 16 ತಜ್ಞರ ಸಮಿತಿಯೊಂದು 46 ಔಷಧಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಒಮ್ಮತದ ಮಾರ್ಗಸೂಚಿ ಇದನ್ನೇ ಎತ್ತಿ ಹೇಳಿತು: ಬರಿಯ ಸೈದ್ಧಾಂತಿಕ ಶಂಕೆಯಿಂದ ರೋಗಿಗೆ ಅಗತ್ಯವಾದ ಔಷಧವನ್ನು ತಡೆಹಿಡಿಯುವಂತಾಗಬಾರದು, ಔಷಧದ ಆಯ್ಕೆ ಆಯಾ ರೋಗಿಯ ಸ್ಥಿತಿಗೆ ತಕ್ಕಂತಿರಬೇಕು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಕ್ಕೆ ಹಾನಿ ಮಾಡಿದ್ದೆಲ್ಲವೂ ಸಾಮಾನ್ಯ ಪ್ರಮಾಣದಲ್ಲಿ ಮನುಷ್ಯನಿಗೆ ಹಾನಿ ಮಾಡಲೇಬೇಕೆಂದಿಲ್ಲ.

ಪ್ರಮಾಣವೇ ಪ್ರಧಾನ

ಈ ದೃಷ್ಟಿಯಿಂದ ಪ್ಯಾರಾಸಿಟಮಾಲ್‌ನ ಕಥೆ ಬೋಧಪ್ರದ. ಸೇವಿಸಿದ ಔಷಧದ ಸಣ್ಣ ಪಾಲು ಯಕೃತ್ತಿನಲ್ಲಿ ವಿಷಕಾರಿ ವಸ್ತುವಾಗಿ ಮಾರ್ಪಡುತ್ತದೆ. ಅದನ್ನು ನಿಷ್ಕ್ರಿಯಗೊಳಿಸುವುದು ದೇಹದಲ್ಲಿಯೇ ಇರುವ ಗ್ಲುಟಾಥಯೋನ್. ಮಾತ್ರೆಯ ಪ್ರಮಾಣ ಮೀರಿದಾಗ ಈ ದಾಸ್ತಾನು ಬರಿದಾಗಿ, ವಿಷ ನೇರವಾಗಿ ಯಕೃತ್ತಿನ ಮೈಟೋಕಾಂಡ್ರಿಯಾಗಳ ಮೇಲೆ ಎರಗುತ್ತದೆ. ತೀರಾ ಕೃಶರಾದವರಲ್ಲಿ, ದಿನಗಟ್ಟಲೆ ಊಟ ಬಿಟ್ಟವರಲ್ಲಿ ಗ್ಲುಟಾಥಯೋನ್ ಮೊದಲೇ ಕಡಿಮೆ. ಮೈಟೋಕಾಂಡ್ರಿಯಾ ರೋಗಿಗಳಲ್ಲಿ ಅನೇಕರು ಈ ಗುಂಪಿಗೆ ಸೇರುತ್ತಾರೆ. ಹಾಗಾಗಿ ಅವರ ಪಾಲಿಗೆ ಇದು ನಿಷಿದ್ಧ ಔಷಧವಲ್ಲ. ತೂಕ ನೋಡಿ, ಅಳತೆ ತಪ್ಪದೆ, ಕಡಿಮೆ ದಿನಗಳಿಗೆ ಕೊಡಬೇಕಾದ ಔಷಧ. ಡೆಂಗಿ ಕಾಲದಲ್ಲಂತೂ ಬೇರೆ ದಾರಿಯೇ ಇಲ್ಲ. ರಕ್ತಸ್ರಾವದ ಭಯದಿಂದ ಆಸ್ಪಿರಿನ್ ಹಾಗೂ ಐಬುಪ್ರೊಫೆನ್ ಆಗ ವರ್ಜ್ಯ. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದನ್ನು ಇಲ್ಲಿ ನೆನೆಯಬಹುದು.

ಅಳತೆ ತಪ್ಪದಿರುವುದು ಹೇಳುವಷ್ಟು ಸುಲಭವಲ್ಲ. ಮಕ್ಕಳಿಗೆ ಒಂದು ಬಾರಿಗೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಎಂಬುದು ರೂಢಿಯ ಲೆಕ್ಕ. 15 ಕಿಲೋ ತೂಕದ ಮಗುವಿಗೆ 150ರಿಂದ 225 ಮಿಲಿಗ್ರಾಂ ಸಾಕು. ಆದರೆ ಅಂಗಡಿಯಲ್ಲಿ ಸಿಗುವ ಸಿರಪ್‌ಗಳಲ್ಲಿ ಒಂದರಲ್ಲಿ 5 ಮಿಲಿಲೀಟರ್‌ಗೆ 120 ಮಿಲಿಗ್ರಾಂ ಔಷಧವಿದ್ದರೆ ಮತ್ತೊಂದರಲ್ಲಿ 250 ಇರುತ್ತದೆ. ಎಳೆಗೂಸುಗಳ ಡ್ರಾಪ್ಸ್‌ನಲ್ಲಿ ಒಂದೇ ಮಿಲಿಲೀಟರ್‌ಗೆ 100 ಮಿಲಿಗ್ರಾಂ! ಬಾಟಲಿ ಬದಲಾಗಿ ಚಮಚ ಅದೇ ಉಳಿದರೆ ಔಷಧ ಇಮ್ಮಡಿ, ಕೆಲವೊಮ್ಮೆ ನಾಲ್ಮಡಿಯಾಗುತ್ತದೆ.

ಆಸ್ಪಿರಿನ್ ವಿಷಯದಲ್ಲಿ ಗೊಂದಲ ಕಡಿಮೆ. ಫ್ಲೂ ಅಥವಾ ಸೀತಾಳೆ ಸಿಡುಬಿನ ನಂತರ ಮಕ್ಕಳ ಮೆದುಳು ಊದಿಕೊಂಡು ಯಕೃತ್ತು ಕೆಡುವ ರೇಯ್ಸ್ ಸಿಂಡ್ರೋಮ್ ವೈದ್ಯಲೋಕದ ಗಮನ ಸೆಳೆದದ್ದು 1963ರಲ್ಲಿ. ಅದು ಮೂಲತಃ ಮೈಟೋಕಾಂಡ್ರಿಯಾಗಳಿಗೆ ಬೀಳುವ ಪೆಟ್ಟು. ಅಮೆರಿಕದಲ್ಲಿ 1980ರ ಸುಮಾರಿಗೆ ವರ್ಷಕ್ಕೆ 555 ಪ್ರಕರಣಗಳಿದ್ದವು. ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ ಎಂದು 1982ರಲ್ಲಿ ಎಚ್ಚರಿಕೆ ಹೊರಟ ನಂತರ ಅವು ಇಳಿಯುತ್ತಾ ಬಂದು, 1990ರ ದಶಕದ ಉತ್ತರಾರ್ಧದಲ್ಲಿ ವರ್ಷಕ್ಕೆ ಎರಡನ್ನು ದಾಟಲಿಲ್ಲ.

ಸ್ಟ್ರಿಪ್‌ನೊಳಗೆ ಏನಿದೆ?

ನಿಜವಾದ ತೊಡಕು ಇರುವುದು ಭಾರತದ ಮಾರುಕಟ್ಟೆಯಲ್ಲಿ. ಇಲ್ಲಿ ನೋವು ನಿವಾರಕ ಒಂಟಿಯಾಗಿ ಬರುವುದಕ್ಕಿಂತ ಜೋಡಿಯಾಗಿ ಬರುವುದೇ ಹೆಚ್ಚು. ಐಬುಪ್ರೊಫೆನ್ ಜತೆ ಪ್ಯಾರಾಸಿಟಮಾಲ್, ಅಸಿಕ್ಲೋಫೆನಾಕ್ ಜತೆ ಪ್ಯಾರಾಸಿಟಮಾಲ್, ಶೀತದ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್. ನೆಗಡಿಗೆ ಒಂದು, ಮೈಕೈ ನೋವಿಗೆ ಇನ್ನೊಂದು, ಜ್ವರಕ್ಕೆಂದು ಡೋಲೋ 650 ನುಂಗಿದವರು ಒಂದೇ ಔಷಧವನ್ನು ಮೂರು ಹೆಸರಿನಲ್ಲಿ ಸೇವಿಸಿರುತ್ತಾರೆ. 'ಇದನ್ನು ಕಡಿಮೆ ಪ್ರಮಾಣದಲ್ಲಿ ಕೊಡಿ, ಅದನ್ನು ಕೊಡಲೇಬೇಡಿ' ಎಂಬ ವೈದ್ಯರ ಸೂಚನೆಯನ್ನು ಪಾಲಿಸಬೇಕಾದ ತಾಯಿಗೆ ಮಾತ್ರೆಯೊಳಗೆ ಏನಿದೆ ಎಂಬುದೇ ತಿಳಿಯದಿದ್ದರೆ ಆ ಸೂಚನೆಗೆ ಬೆಲೆಯೇನು?

ಸರ್ಕಾರ ಕೈಕಟ್ಟಿ ಕುಳಿತಿಲ್ಲ. 2016ರ ಮಾರ್ಚ್‌ನಲ್ಲಿ 344 ಸಂಯುಕ್ತ ಔಷಧಗಳನ್ನು ನಿಷೇಧಿಸಿತು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿ, ಮರುಪರಿಶೀಲನೆಯಾಗಿ 2018ರಲ್ಲಿ 328 ಔಷಧಗಳ ಮೇಲೆ ಹೊಸ ನಿಷೇಧ ಬಂತು. ನಿಮೆಸುಲೈಡ್ ಮತ್ತು ಪ್ಯಾರಾಸಿಟಮಾಲ್ ಬೆರೆತ, ನೀರಿನಲ್ಲಿ ಕರಗುವ ಮಾತ್ರೆ 2023ರ ಜೂನ್‌ನಲ್ಲಿ, ಕಡಿಮೆ ಪ್ರಮಾಣದ ಅಸಿಕ್ಲೋಫೆನಾಕ್-ಪ್ಯಾರಾಸಿಟಮಾಲ್ ಮಾತ್ರೆ 2024ರ ಆಗಸ್ಟ್‌ನಲ್ಲಿ ನಿಷೇಧದ ಪಟ್ಟಿ ಸೇರಿದವು. ಒಂದೊಂದನ್ನೇ ಹೆಕ್ಕಿ ತೆಗೆಯುವ ಈ ಕ್ರಮದಲ್ಲಿ ವರ್ಷಗಳು ಉರುಳುತ್ತವೆ.

ಲೇಬಲ್‌ನ ನಿಯಮವೂ ಅರ್ಧಕ್ಕೇ ನಿಂತಿದೆ. ಔಷಧದ ಮೂಲ ಹೆಸರು ಬ್ರಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿರಬೇಕು ಎಂಬ ತಿದ್ದುಪಡಿ 2018ರಲ್ಲಿ ಬಂತು. ಆದರೆ ಮೂರು ಅಥವಾ ಅದಕ್ಕಿಂತ ಹೆಚ್ಚು ಔಷಧ ಬೆರೆತ ಮಾತ್ರೆಗಳಿಗೆ ವಿನಾಯಿತಿ ನೀಡಲಾಯಿತು. ಗ್ರಾಹಕನಿಗೆ ಸ್ಪಷ್ಟ ಮಾಹಿತಿ ಅತ್ಯಂತ ಅಗತ್ಯವಾದ ಕಡೆಯೇ ಅದು ಕೈತಪ್ಪಿತು ಎನ್ನದೆ ವಿಧಿಯಿಲ್ಲ. ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಮೇಲೆ 2023ರ ಆಗಸ್ಟ್‌ನಿಂದ ಕ್ಯೂಆರ್ ಕೋಡ್ ಅಥವಾ ಬಾರ್ ಕೋಡ್ ಕಡ್ಡಾಯವಾಗಿದ್ದರೂ, ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಅದನ್ನು ಸ್ಕ್ಯಾನ್ ಮಾಡುವವರೆಷ್ಟು ಮಂದಿ?

ಇದೆಲ್ಲ ಕಾಯಿಲೆ ಪತ್ತೆಯಾದವರ ಮಾತು. ಪತ್ತೆಯಾಗದವರ ಸ್ಥಿತಿ ಇನ್ನೂ ಕಷ್ಟ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೈಟೋಕಾಂಡ್ರಿಯಾ ಕಾಯಿಲೆಗಳ ತಪಾಸಣೆ ಹಾಗೂ ಸಂಶೋಧನೆ ನಡೆಯುತ್ತಿದೆ. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೊಂದಿಗೆ ಸೇರಿ ಕೆಲಸ ಮಾಡುವ ಮಾನವ ತಳಿವಿಜ್ಞಾನ ಕೇಂದ್ರ, 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಉತ್ಕೃಷ್ಟತಾ ಕೇಂದ್ರವೆನಿಸಿದೆ. ಎರಡೂ ರಾಜಧಾನಿಯಲ್ಲೇ ಇವೆ. ಮೂರ್ಛೆಗೆ ವ್ಯಾಪಕವಾಗಿ ಬಳಸುವ ವ್ಯಾಲ್‌ಪ್ರೊಯೇಟ್, ಪಿಒಎಲ್‌ಜಿ ಎಂಬ ವಂಶವಾಹಿಯ ದೋಷವಿರುವ ಮಕ್ಕಳ ಯಕೃತ್ತಿಗೆ ಮಾರಕವಾಗಬಲ್ಲದು ಎಂಬುದು ನಿರ್ವಿವಾದ. ಆ ದೋಷ ಇದೆಯೋ ಇಲ್ಲವೋ ಎಂಬುದು ಮೊದಲ ಮೂರ್ಛೆಯ ದಿನ ಎಷ್ಟು ಆಸ್ಪತ್ರೆಗಳಲ್ಲಿ ಗೊತ್ತಿರುತ್ತದೆ?

ರೋಗಿಯ ಬಳಿ ಸದಾ ಇರುವಂಥ ಒಂದು ಚೀಟಿ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಬಲ್ಲದು. ಕಾಯಿಲೆಯ ಹೆಸರು, ತೂಕ, ಕೊಡಬಹುದಾದ ಹಾಗೂ ಕೊಡಬಾರದ ಔಷಧಗಳ ಮೂಲ ಹೆಸರು, ಉಪವಾಸ ಕೂಡದೆಂಬ ಸೂಚನೆ ಅದರಲ್ಲಿದ್ದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೂ ಸಾಕು. ಆದರೆ ಮಾತ್ರೆ ಕೊಳ್ಳಲು ವೈದ್ಯರ ಬಳಿಗೆ ಹೋಗಲೇಬೇಕಿಲ್ಲವಲ್ಲ. ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಹಳ್ಳಿಗಳಲ್ಲಿ ಆಸ್ಪಿರಿನ್ ಮತ್ತು ಪ್ಯಾರಾಸಿಟಮಾಲ್ ಮಾತ್ರೆಗಳನ್ನು ಮನೆಮದ್ದಿನ ಪಟ್ಟಿಯಲ್ಲಿ ಸೇರಿಸಿ, ಪರವಾನಗಿ ಇಲ್ಲದ ಅಂಗಡಿಯವರೂ ಮಾರಲು ಔಷಧ ನಿಯಮಾವಳಿಯ 'ಕೆ' ಅನುಸೂಚಿ ಅವಕಾಶ ನೀಡಿದೆ. ಅಲ್ಲಿ ಸಿಗುವ ಸ್ಟ್ರಿಪ್‌ನ ಬೆನ್ನ ಮೇಲಿನ ಒಕ್ಕಣೆ ಬಹುತೇಕ ಇಂಗ್ಲಿಷ್‌ನಲ್ಲೇ ಇರುತ್ತದೆ.