ಕೋಲ್ಹಾರದ ಮೊಸರಿಗೂ ಇಳಕಲ್ ಸೀರೆಗೂ ಒಂದೇ ಫಾರ್ಮು ಸಾಕೇ?

ಮಾನ್ಯ ಜಿಲ್ಲಾಧಿಕಾರಿಗಳೇ, ಕ್ಲಸ್ಟರ್ ಯೋಜನೆಗಳ ವರದಿ ಬರೆಯುವ ಅಧಿಕಾರಿಗಳೇ, ಸಂಶೋಧಕರೇ,

ನಮ್ಮ ಗೊಳಸಂಗಿ ಸೀಮೆಯಲ್ಲಿ ಸಣ್ಣ ಉದ್ಯೋಗಗಳಿಗೆ ಕೊರತೆಯಿಲ್ಲ. ಈ ಕಡೆ ಕೋಲ್ಹಾರದ ಗಡಿಗೆ ಮೊಸರು, ಇಂಡಿ ತಾಲೂಕಿನ ನಿಂಬೆ. ಕೃಷ್ಣಾ ಹೊಳೆ ದಾಟಿದರೆ ಇಳಕಲ್ ಸೀರೆ, ಗುಳೇದಗುಡ್ಡದ ಖಣ. ಸಮೀಕ್ಷೆಗೆ ಬರುವವರ ಕೈಯಲ್ಲಿ ಮಾತ್ರ ಎಲ್ಲದಕ್ಕೂ ಒಂದೇ ಫಾರ್ಮು: ಬಂಡವಾಳ ಎಷ್ಟು, ಯಂತ್ರ ಎಷ್ಟು, ಕೂಲಿಯಾಳು ಎಷ್ಟು. ನಮ್ಮ ತಕರಾರು ಇರುವುದೇ ಇದರ ಬಗ್ಗೆ.

ಮೊಸರು ಮಾರುವ ಮನೆಯೊಂದರಲ್ಲಿ ಕೆಲಸಗಾರರ ಕಾಲಂನಲ್ಲಿ ಸೊನ್ನೆ ಬರೆದದ್ದನ್ನು ನಾನೇ ನೋಡಿದ್ದೇನೆ. ನಸುಕಿನಲ್ಲೆದ್ದು ಎಮ್ಮೆ ಹಿಂಡಿ, ಹಾಲು ಕಾಸಿ, ಹದ ನೋಡಿ ಹೆಪ್ಪು ಹಾಕಿ, ಗಡಿಗೆ ತೊಳೆದು ಬಿಸಿಲಿಗಿಟ್ಟ ಅತ್ತೆ ಸೊಸೆ ಇಬ್ಬರೂ ಅಲ್ಲೇ ನಿಂತಿದ್ದರು. 'ಮನ್ಯಾಗ ದುಡಿಯೋರಿಗೆ ಪಗಾರ ಎಲ್ಲೈತ್ರಿ?' ಎಂದರು ಅತ್ತೆ. ಆ ಮಾತು ಯಾವ ಕಾಲಂಗೂ ಹೋಗಲಿಲ್ಲ. ಇಳಕಲ್ಲಿನಲ್ಲಿ ಕಂಡಿಕೆ ಸುತ್ತುವ ಹೆಂಗಸರ ದುಡಿಮೆಗೂ ಇದೇ ಗತಿ.

ಒಂದೇ ಕಸುಬಿನವರು ಒಂದೆಡೆ ನೆಲೆಸಿದರೆ ನುರಿತ ಕೈಗಳು, ಕಚ್ಚಾಮಾಲು, ಕಸುಬಿನ ಗುಟ್ಟು ಎಲ್ಲವೂ ಸುಲಭವಾಗಿ ಸಿಗುತ್ತವೆ ಎಂದು ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲೇ ಬರೆದರು. ಸರಿಯಾದ ಮಾತು. ಆದರೆ ಇಳಕಲ್ಲಿಗೆ ಅದಷ್ಟೇ ಸಾಲದು. ಅಲ್ಲಿ ಎಷ್ಟೋ ಮಗ್ಗಗಳಲ್ಲಿ ನೂಲು ಸಾವಕಾರನದು, ನೇಯ್ದ ಸೀರೆಯೂ ಅವನದೇ. ನೇಕಾರನಿಗೆ ಸಿಗುವುದು ಮಜೂರಿ. ಸೀರೆಗೆ ಭೌಗೋಳಿಕ ಗುರುತು ಬಂದಿದೆ, ಸಂತೋಷ. ಆದರೆ ಅಂಗಡಿಯಲ್ಲಿ ಗಿರಾಕಿ ಕೊಟ್ಟ ದುಡ್ಡಿನಲ್ಲಿ ಮಗ್ಗದವರೆಗೆ ಎಷ್ಟು ತಲುಪಿತೆಂದು ತಿಳಿಯಬೇಕಾದರೆ ನೂಲಿನಿಂದ ಗಿರಾಕಿಯವರೆಗಿನ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ನೋಡಬೇಕು. ವ್ಯಾಪಾರ ನಡೆಯುವುದು ಬೆಲೆಯಿಂದಷ್ಟೇ ಅಲ್ಲ, ಸಂಬಂಧಗಳ ಬಲದ ಮೇಲೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1985ರಲ್ಲಿ ವಾದಿಸಿದರು. ಉದ್ರಿ ಕೊಟ್ಟು, ಬೀಗರ ಮಾತಿನ ಮೇಲೆ ಮುಂಗಡ ಪಡೆದು ಬದುಕುವ ನಮ್ಮವರಿಗೆ ಇದು ದಿನನಿತ್ಯದ ಸಂಗತಿ.

ಇನ್ನು ಕೋಲ್ಹಾರದ ಕಥೆ ಆಲಮಟ್ಟಿ ಅಣೆಕಟ್ಟನ್ನು ಬಿಟ್ಟು ಇಲ್ಲ. ಹಳೇ ಊರು ಹಿನ್ನೀರಿಗೆ ಹೋಯಿತು. ಮನೆ, ಗೋದಲಿ, ಹೊಳೆದಂಡೆಯ ಮೇವು, ನೆರೆಹೊರೆ ಎಲ್ಲವನ್ನೂ ಬಿಟ್ಟು ಬಂದ ಜನ ಹೊಸ ಜಾಗದಲ್ಲಿ ಮತ್ತೆ ಹೆಪ್ಪು ಹಾಕಿದರು. ಈಗ 519.60 ಮೀಟರ್ ಇರುವ ಜಲಾಶಯದ ಮಟ್ಟವನ್ನು 524.256ಕ್ಕೆ ಏರಿಸಲು ಎರಡನೇ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ನೀರಾವರಿಗೆ ಅದು ಬೇಕು, ನಾವು ವಿರೋಧಿಗಳಲ್ಲ. ಆದರೆ ಮೊಸರಿನವರ ಮುಂದಿನ ಇಪ್ಪತ್ತು ವರ್ಷದ ಯೋಜನೆ ಬರೆಯುವವರು ಈ ಸುಮಾರು ಐದು ಮೀಟರ್ ನೀರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆ ಯೋಜನೆಗೆ ಅರ್ಥವೇನು?

ಹೀಗೆ ಒಂದೆಡೆ ನೆಲೆಸಿದ ಕಸುಬುಗಳಿಗೆ ಒಟ್ಟಾಗಿ ನೆರವು ಕೊಡುವ ಕ್ಲಸ್ಟರ್ ನೀತಿ ಹೊಸದಲ್ಲ. ಆಬಿದ್ ಹುಸೇನ್ ಸಮಿತಿ ಇದನ್ನು 1997ರಲ್ಲೇ ಶಿಫಾರಸು ಮಾಡಿತ್ತು; 2005ರಲ್ಲಿ ಕೇಂದ್ರದ 'ಸ್ಫೂರ್ತಿ' ಯೋಜನೆ ಬಂತು. ಸಾಮಾನ್ಯ ಸೌಲಭ್ಯ ಕೇಂದ್ರವೆಂದು ಶೆಡ್ಡು ಕಟ್ಟಿ ಯಂತ್ರ ಇಡುವ ಮೊದಲು, ಆ ಕಸುಬನ್ನು ಯಾರು ಹೇಗೆ ನಡೆಸುತ್ತಿದ್ದಾರೆಂದು ತಿಳಿದುಕೊಳ್ಳಿ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಮುಂದಿನ ಸಮೀಕ್ಷಾ ತಂಡದಲ್ಲಿ ಅರ್ಥಶಾಸ್ತ್ರದವರ ಜೊತೆ ಸಮಾಜಶಾಸ್ತ್ರದವರು, ಇತಿಹಾಸ ಬಲ್ಲವರು, ಹೆಂಗಸರ ದುಡಿಮೆಯನ್ನು ಅಭ್ಯಾಸ ಮಾಡಿದವರು ಇರಲಿ. ವಿಜಯಪುರದಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯವೇ ಇದೆ, ಅವರನ್ನು ಕರೆಯಿರಿ. ಕರಡು ವರದಿಯನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಿ, ತಪ್ಪಿದ್ದರೆ ತಿದ್ದಿಕೊಂಡ ಮೇಲೆಯೇ ಬೆಂಗಳೂರಿಗೆ ಕಳಿಸಿ.

ಇಂತಿ,
ಗೊಳಸಂಗಿಯ ನಿವಾಸಿ