ಕಾಡಿನ ಗಡಿ, ಕಡತದ ಗಡಿ

ಕಂದಾಯ ಆಡಳಿತದಲ್ಲಿದ್ದ ವರ್ಷಗಳಲ್ಲಿ ಭೂಪರಿವರ್ತನೆಯ ನೂರಾರು ಕಡತಗಳಿಗೆ ನಾನು ಸಹಿ ಹಾಕಿದ್ದೇನೆ. ಕಾಡಂಚಿನ ಹಳ್ಳಿಯೊಂದರ ಎರಡು ಎಕರೆ, ಪಕ್ಕದ ಹಳ್ಳಿಯ ಮೂವತ್ತು ಗುಂಟೆ. ತಹಸೀಲ್ದಾರರ ವರದಿ, ಮಹಜರು, ಶುಲ್ಕದ ಚಲನ್ ಎಲ್ಲವೂ ಕ್ರಮಬದ್ಧ. ಒಂದು ಕಡತದಲ್ಲಿಯೂ ಲೋಪವಿರಲಿಲ್ಲ. ಆದರೆ ಆ ಎಲ್ಲ ಕಡತಗಳನ್ನು ಒಂದೇ ನಕ್ಷೆಯ ಮೇಲಿಟ್ಟು ನೋಡುವ ಕೆಲಸವನ್ನು ನಾನೂ ಮಾಡಲಿಲ್ಲ, ಬೇರಾರೂ ಮಾಡಲಿಲ್ಲ. ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಕಾನ್ 1966ರಲ್ಲಿ ಇದನ್ನೇ 'ಸಣ್ಣ ನಿರ್ಧಾರಗಳ ದಬ್ಬಾಳಿಕೆ' ಎಂದು ಕರೆದರು. ಬಿಡಿಬಿಡಿಯಾಗಿ ಸಮಂಜಸವೆನಿಸುವ ತೀರ್ಮಾನಗಳು ಒಟ್ಟಾಗಿ, ಯಾರೂ ಬಯಸದ ಫಲಿತಾಂಶವನ್ನು ತರುತ್ತವೆ ಎಂಬುದು ಅದರ ಸಾರ.

ಬೆಂಗಳೂರಿನ ನೆತ್ತಿಯ ಮೇಲೆಯೇ ಇರುವ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಇದಕ್ಕೆ ಸ್ಪಷ್ಟ ನಿದರ್ಶನ. ದಕ್ಷಿಣಕ್ಕೆ ಕಾವೇರಿ ವನ್ಯಧಾಮದವರೆಗೆ ಚಾಚಿಕೊಂಡ ಕಾಡಿನ ತುದಿ ಇದು. ಆನೆಗಳ ಪುರಾತನ ಹಾದಿ. ಉದ್ಯಾನದ ಸುತ್ತ 268.96 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ವಲಯವನ್ನು 2016ರ ಕರಡು ಅಧಿಸೂಚನೆ ಪ್ರಸ್ತಾಪಿಸಿತ್ತು. 2018ರ ಕರಡಿನಲ್ಲಿ ಅದು 168.84ಕ್ಕೆ ಇಳಿಯಿತು, 2020ರ ಮಾರ್ಚ್‌ನಲ್ಲಿ ಅದೇ ಅಂತಿಮವಾಯಿತು. ನೂರು ಚದರ ಕಿಲೋಮೀಟರ್ ಕೈಬಿಟ್ಟುಹೋದದ್ದು ನಗರ ತೀವ್ರವಾಗಿ ಚಾಚುತ್ತಿರುವ ದಿಕ್ಕಿನಲ್ಲಿ ಎಂಬುದನ್ನು ಮರೆಯಲಾಗದು.

ಕಾಡಿನ ಬೇಲಿಯ ಒಳಗಿನದು ಅರಣ್ಯ ಇಲಾಖೆಯ ಹೊಣೆ. ಆದರೆ ಕಾಡಿನ ಭವಿಷ್ಯ ನಿರ್ಧಾರವಾಗುವುದು ಬೇಲಿಯ ಹೊರಗೆ. ಅಲ್ಲಿ ಪರಿವರ್ತನೆ ಕಂದಾಯ ಇಲಾಖೆಯದು, ವಲಯೀಕರಣ ಯೋಜನಾ ಪ್ರಾಧಿಕಾರದ್ದು, ರಸ್ತೆ ಲೋಕೋಪಯೋಗಿಯದು, ಕಟ್ಟಡದ ಪರವಾನಗಿ ಪಂಚಾಯಿತಿಯದು. ಬಫರ್ ಎಂಬ ಪದ ಎಲ್ಲರ ಬಾಯಲ್ಲಿದೆ, ಯಾರ ಲೆಡ್ಜರಿನಲ್ಲಿಯೂ ಇಲ್ಲ. ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ಸಂರಕ್ಷಿತ ಅರಣ್ಯಗಳ ಸುತ್ತ ಕನಿಷ್ಠ ಒಂದು ಕಿಲೋಮೀಟರ್ ವಲಯ ಇರಬೇಕೆಂದಿತು. 2023ರ ಏಪ್ರಿಲ್‌ನಲ್ಲಿ, ಎಲ್ಲೆಡೆಗೂ ಒಂದೇ ಅಳತೆ ಸಲ್ಲದೆಂದು ಆ ಆದೇಶವನ್ನು ಸಡಿಲಿಸಿತು. ಎರಡನೆಯ ಮಾತಿನಲ್ಲಿ ವಿವೇಕವಿದೆ. ಆದರೆ ಏಕರೂಪದ ಅಳತೆ ಬೇಡವೆಂದಾದರೆ, ಸ್ಥಳೀಯ ಯೋಜನೆಯ ಹೊಣೆ ಇಮ್ಮಡಿಯಾಗುತ್ತದೆ.

ಆ ಹೊಣೆಯ ಸಾಧನವೂ ಕಾನೂನಿನಲ್ಲಿಯೇ ಇದೆ. ಸೂಕ್ಷ್ಮ ವಲಯದ ಅಧಿಸೂಚನೆ ಹೊರಬಿದ್ದ ಎರಡು ವರ್ಷಗಳೊಳಗೆ ರಾಜ್ಯವು ವಲಯ ಮಹಾಯೋಜನೆಯನ್ನು ರೂಪಿಸಬೇಕೆಂಬುದು ಅಧಿಸೂಚನೆಯದೇ ಷರತ್ತು. ಈ ಯೋಜನೆ ಪ್ರತ್ಯೇಕ ಕಪಾಟಿನಲ್ಲಿ ಕುಳಿತರೆ ಪ್ರಯೋಜನವಿಲ್ಲ. ಅದು ನಗರದ ಮಹಾಯೋಜನೆಯ ಭಾಗವಾಗಬೇಕು. ಆನೆಪಥಗಳು ಸರ್ವೆ ನಂಬರ್ ಸಹಿತ ಅದರಲ್ಲಿ ದಾಖಲಾಗಬೇಕು. 2000ದ ಆಸುಪಾಸಿನಲ್ಲಿಯೇ ಪಹಣಿಯನ್ನು ಗಣಕೀಕರಿಸಿದ ರಾಜ್ಯ ನಮ್ಮದು. ಜಮೀನು ಸೂಕ್ಷ್ಮ ವಲಯದಲ್ಲಿದೆ ಎಂಬ ಒಂದು ಸಾಲು ಪಹಣಿಯಲ್ಲಿಯೇ ಮೂಡಿದರೆ, ಕೊಳ್ಳುವವನು ಮೋಸಹೋಗುವುದಿಲ್ಲ, ಸಹಿ ಹಾಕುವ ಅಧಿಕಾರಿಗೆ 'ತಿಳಿದಿರಲಿಲ್ಲ' ಎನ್ನುವ ಅವಕಾಶವೂ ಇರುವುದಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ ಕೃಷಿಕರಲ್ಲದವರಿಗೂ ಕೃಷಿಭೂಮಿ ಖರೀದಿಯ ಬಾಗಿಲು ತೆರೆದಿರುವಾಗ ಈ ಎಚ್ಚರಿಕೆ ಇನ್ನೂ ಅಗತ್ಯ.

ಎರಡನೆಯದು ರಸ್ತೆ. ಭೂಮಿಯ ಬೆಲೆ ರಸ್ತೆಯನ್ನು ಹಿಂಬಾಲಿಸುತ್ತದೆ. ಬೆಲೆ ಏರಿದ ಮೇಲೆ ಯಾವ ನಿರ್ಬಂಧವೂ ಬಹುಕಾಲ ನಿಲ್ಲದು. ಆದ್ದರಿಂದ ರಸ್ತೆ, ನೀರು, ವಿದ್ಯುತ್ ಮಾರ್ಗಗಳನ್ನು ಎಲ್ಲಿಗೆ ಒಯ್ಯಬಾರದು ಎಂಬ ತೀರ್ಮಾನವೇ ಅತ್ಯಂತ ಅಗ್ಗದ ಸಂರಕ್ಷಣೆ. ಕಟ್ಟುನಿಟ್ಟು ಅಸಾಧ್ಯವೇನಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ಜಾರಿಗೆ ಬಂದ ರಾತ್ರಿ ಸಂಚಾರ ನಿರ್ಬಂಧ ನೆರೆರಾಜ್ಯದ ಒತ್ತಡವನ್ನೂ ವ್ಯಾಜ್ಯಗಳನ್ನೂ ವರ್ಷಗಟ್ಟಲೆ ತಾಳಿಕೊಂಡಿತು.

ಮೂರನೆಯದೂ, ಕಷ್ಟತಮವಾದುದೂ, ನ್ಯಾಯದ ಪ್ರಶ್ನೆ. ಕಾಡಂಚಿನ ಮೂರು ಎಕರೆಯ ರೈತ ಕೇಳುತ್ತಾನೆ: 'ನಗರದವರಿಗೆ ತಂಪು ಗಾಳಿ, ನನಗೆ ಆನೆ ತುಳಿದ ರಾಗಿ. ಈಗ ಜಮೀನು ಮಾರುವುದೂ ಬೇಡವೇ?' ಇದಕ್ಕೆ ಪರಿಸರದ ಭಾಷಣ ಉತ್ತರವಲ್ಲ. ಲಾಭ ಎಲ್ಲರದು, ನಷ್ಟ ಒಬ್ಬನದು ಎಂದಾಗ ಲೆಕ್ಕ ಸರಿದೂಗಿಸುವುದು ಸರ್ಕಾರದ ಕೆಲಸ. ತೆರಿಗೆ ಹಂಚಿಕೆಯಲ್ಲಿ ಹದಿನಾಲ್ಕನೆಯ ಹಣಕಾಸು ಆಯೋಗ ಅರಣ್ಯಕ್ಕೆ ಶೇ 7.5ರಷ್ಟು, ಹದಿನೈದನೆಯ ಆಯೋಗ ಅರಣ್ಯ ಹಾಗೂ ಪರಿಸರಕ್ಕೆ ಶೇ 10ರಷ್ಟು ತೂಕ ನೀಡಿದವು. ಆದರೆ ಆ ಹಣ ರಾಜ್ಯದ ಖಜಾನೆಗೆ ಸೇರುತ್ತದೆ; ಕಾಡನ್ನು ಹೊರುವ ಪಂಚಾಯಿತಿಗೇ ತಲುಪಬೇಕೆಂಬ ಕಟ್ಟುಪಾಡಿಲ್ಲ. ಇದರ ಒಂದು ಪಾಲನ್ನು ಸೂಕ್ಷ್ಮ ವಲಯದ ಪಂಚಾಯಿತಿಗಳಿಗೆ ನೇರವಾಗಿ ಕೊಡಲಿ. ಕೃಷಿಯನ್ನೇ ಮುಂದುವರಿಸುವ ರೈತನಿಗೆ ವಾರ್ಷಿಕ ಗೌರವಧನ ಸಿಗಲಿ. ಆನೆಪಥದ ಜಮೀನಿಗೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು ದೊರೆಯಲಿ. ಅದನ್ನಾತ ನಗರದೊಳಗಿನ ಕಟ್ಟಡ ನಿರ್ಮಾತೃಗಳಿಗೆ ಮಾರಬಹುದು.

ಇದಕ್ಕೆ ಹಣವೆಲ್ಲಿ ಎಂಬ ಪ್ರಶ್ನೆ ಸಹಜ. ಆದರೆ ಆನೆ ಹಾವಳಿಯ ಪರಿಹಾರ, ಕಂದಕ, ರೈಲು ಕಂಬಿಯ ತಡೆಗೋಡೆಗಳಿಗೆ ನಾವು ಈಗಾಗಲೇ ತೆರುತ್ತಿರುವುದೂ ಹಣವೇ. ಯೋಜನೆಯಿಲ್ಲದ ವೆಚ್ಚ ನಮಗೆ ಕಾಣುವುದಿಲ್ಲ, ಅಷ್ಟೇ.

ನಾನು ಸಹಿ ಹಾಕಿದ ಜಮೀನುಗಳು ಮತ್ತೆ ಹೊಲಗಳಾಗುವುದಿಲ್ಲ. ಇಂದು ಅದೇ ಕುರ್ಚಿಯಲ್ಲಿರುವ ಕಿರಿಯ ಅಧಿಕಾರಿಯ ಮುಂದೆ ಕಡತದ ಜೊತೆಗೊಂದು ನಕ್ಷೆಯೂ ಇರಲಿ ಎಂಬುದಷ್ಟೇ ನನ್ನ ಆಗ್ರಹ.